ಮೊಳಕ್ಕೆ ನಾಲ್ಕು ಬೆರಳು ಜಾಸ್ತಿ

ಈ ಸಲ ನವರಾತ್ರಿಯ ಶುಕ್ರವಾರ ಕೋಲಾರಮ್ಮನ ಗುಡಿಗೆ ಹೋಗಿದ್ದೆ. ಅಕ್ಕನ ಮಗಳೂ ಜೊತೆಗಿದ್ದಳು. ದಾರಿಯಲ್ಲಿ ಎರಡು ಮೊಳ ಸೇವಂತಿಗೆ ತಗೊಂಡೆ. ಮಾರುವ ಹುಡುಗ ಸರಿಯಾಗೇ ಅಳೆದ. ಆದರೂ ಕಡಿಮೆ ಅನ್ನಿಸಿತು. ಹೂವಜ್ಜಿಯ ಮೊಳ ನೋಡಿ ಬೆಳೆದ ಕಣ್ಣು ನಮ್ಮದು.

ಹೂವಜ್ಜಿ ನಮ್ಮ ಬೀದಿಯ ಕೊನೇ ಮನೆಯವರು. ಮೊಣಕೈಯಿಂದ ನಡುಬೆರಳವರೆಗೆ ಅಳೆದು, ಮೇಲೆ ನಾಲ್ಕು ಬೆರಳು ಬಿಟ್ಟೇ ದಾರ ಕತ್ತರಿಸುತ್ತಿದ್ದರು. ಯಾಕೆ ಅಂತ ಯಾರಾದರೂ ಕೇಳಿದರೆ, "ಆ ನಾಲ್ಕು ಬೆರಳು ಉಳಿಸಿ ನಾನೇನು ಬಂಗ್ಲೆ ಕಟ್ತೀನಾ?" ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಕೋಲಾರದಲ್ಲಿ ಇದು ಹೊಸದೇನಲ್ಲ ಬಿಡಿ. ಬೈಯುವುದು ಮಾತ್ರ ಪೂರ್ತಿ ತೆಲುಗಿನಲ್ಲೇ.

ನನಗೆ ಏಳೆಂಟು ವರ್ಷ ಇದ್ದಾಗ ಸೌದೆ ತೆಗೆಯಲು ಹೋಗಿ ಚೇಳು ಕಚ್ಚಿತು. ಅಮ್ಮ ಅಳುತ್ತಾ, ಕೋಲಾರಮ್ಮನ ಗುಡಿಯಲ್ಲೇ ಇರುವ ಚೇಳಿನ ದೇವತೆ ಚೇಳಮ್ಮನಿಗೆ ಹರಕೆ ಕಟ್ಟಿಕೊಳ್ಳುತ್ತಿದ್ದರು. ಹೂವಜ್ಜಿ ನನ್ನನ್ನು ಸೊಂಟಕ್ಕೆ ಏರಿಸಿಕೊಂಡು ಆಸ್ಪತ್ರೆಗೆ ಓಡಿದರು. "ಮೊದಲು ಇಂಜೆಕ್ಷನ್ ಆಗ್ಲಿ. ಚೇಳಮ್ಮ ಎಲ್ಲಿಗೂ ಹೋಗಲ್ಲ, ಅಲ್ಲೇ ಇರ್ತಾಳೆ." ಮುಂದಿನ ಶುಕ್ರವಾರ ಅವರೇ ನನ್ನನ್ನು ಗುಡಿಗೆ ಕರೆದುಕೊಂಡು ಹೋದರು.

ಒಂದು ಮಾತು ಹೇಳಲೇಬೇಕು. ಹೂವಜ್ಜಿಗೆ ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದರು. ಊರ ಹೆಂಗಸರ ಜಡೆಗೆಲ್ಲ ಹೂ ಕಟ್ಟಿದ ಕೈ ಅದು, ತಮ್ಮ ತಲೆಗೆ ಒಂದು ಎಸಳು ಇಟ್ಟುಕೊಂಡಿದ್ದನ್ನು ನಾನು ನೋಡಿಲ್ಲ. ವರಮಹಾಲಕ್ಷ್ಮಿ ಹಬ್ಬದ ದಿನ ನಸುಕಿನಲ್ಲೇ ಕಳಸಕ್ಕೆ ಹೂ ತಂದು ಕೊಡುತ್ತಿದ್ದರು. ಸಂಜೆ ಅರಿಶಿನ ಕುಂಕುಮಕ್ಕೆ ಬೀದಿಯವರನ್ನೆಲ್ಲ ಕರೆಯುತ್ತಿದ್ದೆವು, ಅವರೊಬ್ಬರನ್ನು ಬಿಟ್ಟು. ಅವರಿಗೆ ಹಿತ್ತಲ ಬಾಗಿಲಲ್ಲಿ ಒಬ್ಬಟ್ಟು. "ಹೂರಣ ಚೆನ್ನಾಗಿ ಅರೆದಿದ್ದೀಯಮ್ಮ" ಅಂತ ಅಲ್ಲೇ ನಿಂತು ತಿನ್ನುತ್ತಿದ್ದರು. ಯಾಕೆ ಒಳಗೆ ಕರೆಯಲ್ಲ ಅಂತ ನಾನು ಒಮ್ಮೆ ಕೇಳಿದೆ. ಅಮ್ಮ "ಸುಮ್ನಿರು" ಅಂದರು. ನಾನೂ ಸುಮ್ಮನಾದೆ. ಆಮೇಲೆ ಎಷ್ಟೋ ವರ್ಷ ಸುಮ್ಮನೇ ಇದ್ದೆ.

ಅಪ್ಪ ತೀರಿಕೊಂಡ ಮೇಲೆ ಬಂದ ಮೊದಲ ವರಮಹಾಲಕ್ಷ್ಮಿ. ನಮ್ಮ ಮನೆಯಲ್ಲಿ ಕಳಸ ಇಡಲಿಲ್ಲ. ಅಮ್ಮನಿಗೆ ಯಾವ ಮನೆಯಿಂದಲೂ ಕರೆ ಬರಲಿಲ್ಲ. ಸಂಜೆ ಹೂವಜ್ಜಿ ಬಂದರು. ಹಿತ್ತಲಿಂದ ಅಲ್ಲ, ಮುಂಬಾಗಿಲಿಂದ. ಒಂದು ಮೊಳ ಮಲ್ಲಿಗೆ ಅಮ್ಮನ ಮಡಿಲಿಗೆ ಹಾಕಿ, "ದೇವರಿಗಲ್ಲ, ನಿನಗೆ" ಅಂದರು. ಅಮ್ಮ ಮುಡಿಯಲಿಲ್ಲ. ಆದರೆ ರಾತ್ರಿ ಮಲಗುವವರೆಗೂ ಕೈಯಿಂದ ಬಿಡಲಿಲ್ಲ.

ಕೋಲಾರಮ್ಮನದು ಹಳೇ ಗುಡಿ. 11ನೇ ಶತಮಾನದ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನ ಅಲ್ಲಿದೆ. ನಾನು ಕಾಲೇಜಿನಲ್ಲಿ ಓದಿಕೊಂಡು ಬಂದು ದೊಡ್ಡದಾಗಿ ವಿವರಿಸಿದಾಗ ಹೂವಜ್ಜಿ ಕೇಳಿದ್ದರು: "ರಾಜನ ಹೆಸರು ಸರಿ. ದಿನಾ ಹೂ ಕೊಟ್ಟೋರ ಹೆಸರು ಬರ್ದಿದ್ದಾರಾ?"

ಕೋಲಾರಮ್ಮನ ನೋಟ ಉಗ್ರ, ಅದಕ್ಕೇ ಎದುರಿಗೆ ನಿಲ್ಲದೆ ಕನ್ನಡಿಯಲ್ಲಿ ದರ್ಶನ ಮಾಡಬೇಕು ಅಂತಾರೆ. ಹೂವಜ್ಜಿ ಆ ಕನ್ನಡಿ ಮುಂದೆ ನಿಂತು ಕೈ ಮುಗಿಯುವ ಮೊದಲು ಕೂದಲು ಸರಿ ಮಾಡಿಕೊಳ್ಳುತ್ತಿದ್ದರು, ಸೆರಗು ಎಳೆದುಕೊಳ್ಳುತ್ತಿದ್ದರು. ನಮಗೆ ನಗು ತಡೆಯಲಾಗುತ್ತಿರಲಿಲ್ಲ.

ಆಮೇಲೆ ಚೇಳಮ್ಮ. ಅಲ್ಲಿ ನೆಲದಲ್ಲೇ ಹಳೇ ಕಾಲದ ಹುಂಡಿ ಇದೆ. ಬೀದಿಯ ಮಕ್ಕಳ ಹೆಸರು ಒಂದೊಂದಾಗಿ ಹೇಳಿ ಒಂದೊಂದು ನಾಣ್ಯ ಹಾಕುವುದು ಅವರ ಪದ್ಧತಿ. "ಹೆಸರು ಹೇಳ್ದೆ ಹಾಕಿದ್ರೆ ಅಮ್ಮನಿಗೆ ಹೇಗೆ ಗೊತ್ತಾಗುತ್ತೆ, ಯಾರ ಕಾಸು ಅಂತ?" ತಮ್ಮ ಹೆಸರಿನಲ್ಲಿ ಹಾಕಿದ್ದು ನನಗೆ ನೆನಪಿಲ್ಲ.

ಈ ಸಲ ಅವರಿಗಾಗಿ ಹಾಕೋಣ ಅಂತ ಬಗ್ಗಿದೆ. ಹೆಸರು ಬಾಯಿಗೆ ಬರಲಿಲ್ಲ. ಮರೆತಿದ್ದಲ್ಲ, ಗೊತ್ತೇ ಇರಲಿಲ್ಲ. ಮೂವತ್ತು ವರ್ಷ ಅವರ ಹೂ ಮುಡಿದಿದ್ದೇನೆ. ಒಂದು ದಿನವೂ ಕೇಳಿರಲಿಲ್ಲ.

ಹಿಂದೆ ಸಾಲು ಬೆಳೆಯುತ್ತಿತ್ತು. "ಹೂವಜ್ಜಿ" ಅಂದು ನಾಣ್ಯ ಬಿಟ್ಟೆ. ಪಕ್ಕದಲ್ಲಿ ಅಕ್ಕನ ಮಗಳು ಕಿವಿಯಿಟ್ಟು ಕೂತಿದ್ದಳು.

"ಬಿತ್ತಾ?" ಅಂತ ಕೇಳಿದಳು.