ಮಳೆಗಾಲದ ಗೋವಾದಲ್ಲಿ ಬಾತುಕೋಳಿ ತತ್ತಿಗೆ ಕಾವು: ಹೈಗ್ರೊಮೀಟರ್‌ಗಿಂತ ತಕ್ಕಡಿ ನಂಬಿ

ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಇನ್‌ಕ್ಯುಬೇಟರಿನಲ್ಲಿಟ್ಟ ಬಾತುಕೋಳಿ ತತ್ತಿ 25 ದಿನ ಚೆನ್ನಾಗಿಯೇ ಬೆಳೆದು, ಕೊನೆಗೆ ಮರಿ ಹೊರಗೆ ಬರಲಾರದೆ ಒಳಗೇ ಸತ್ತರೆ, ಮೊದಲು ಅನುಮಾನ ಪಡಬೇಕಾದದ್ದು ನೀರನ್ನು. ಬಿಸಿ ಸರಿಯಿರುತ್ತದೆ, ತಿರುವಿದ್ದೂ ಸರಿಯಿರುತ್ತದೆ. ತತ್ತಿಯೊಳಗಿನ ನೀರು ಆರಬೇಕಾದಷ್ಟು ಆರಿರುವುದಿಲ್ಲ, ಅಷ್ಟೇ. ವಾಸ್ಕೊ, ಪೋಂಡಾ, ಡಿಚೋಲಿ ಕಡೆ ಹಿತ್ತಲಲ್ಲಿ ನಾಲ್ಕಾರು ಬಾತು ಸಾಕಿಕೊಂಡಿರುವ ನಮ್ಮ ಕನ್ನಡದ ಮನೆಗಳಿಗಾಗಿ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಪುಸ್ತಕಗಳಲ್ಲಿ ಬಾತುಕೋಳಿ ತತ್ತಿಗೆ ಶೇ 55ರಿಂದ 60 ತೇವಾಂಶ ಬೇಕು ಎಂದಿರುತ್ತದೆ. ಅದನ್ನು ಓದಿದವರು ತಟ್ಟೆ ತುಂಬ ನೀರಿಟ್ಟು, ದಿನಾ ತತ್ತಿಗೂ ನೀರು ಚಿಮುಕಿಸುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ಹೊರಗೆ 27 ಡಿಗ್ರಿ ಬಿಸಿ, ಶೇ 90 ತೇವಾಂಶ ಇರುವ ಜುಲೈ ಗಾಳಿಯನ್ನು ಇನ್‌ಕ್ಯುಬೇಟರ್ ಡಬ್ಬದೊಳಗೆ 37.5 ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರು ಹಾಕದಿದ್ದರೂ ಒಳಗೆ ಶೇ 50ರ ಆಸುಪಾಸು ನಿಲ್ಲುತ್ತದೆ. ತತ್ತಿಗಳಿಂದ ಹೊರಬರುವ ಆವಿ ಅದಕ್ಕೆ ಇನ್ನಷ್ಟು ಸೇರುತ್ತದೆ. ಅದೇ ಜನವರಿಯಲ್ಲಿ 25 ಡಿಗ್ರಿ, ಶೇ 60 ಇರುವಾಗ ಒಳಗೆ ಶೇ 30 ದಾಟುವುದಿಲ್ಲ. ಪುಣೆಯ ಏಪ್ರಿಲ್ ಮಧ್ಯಾಹ್ನವಂತೂ ಇನ್ನೂ ಒಣ, ಅಲ್ಲಿ ತಟ್ಟೆ ತುಂಬ ನೀರು ಬೇಕೇ ಬೇಕು. ಹಾಗಾಗಿ ಒಬ್ಬರ ಊರಿನ ನೀರಿನ ಅಳತೆ ಇನ್ನೊಬ್ಬರಿಗೆ ಹೊಂದುವುದಿಲ್ಲ. ಎಲ್ಲ ಊರಿಗೂ ಹೊಂದುವುದು ತತ್ತಿಯ ತೂಕ.

ಕಾವಿಗಿಟ್ಟ ದಿನದಿಂದ 25ನೆಯ ದಿನದೊಳಗೆ ತತ್ತಿಯ ತೂಕ ಶೇ 12ರಿಂದ 14ರಷ್ಟು ಇಳಿಯಬೇಕು. 72 ಗ್ರಾಮಿನ ತತ್ತಿ ಸುಮಾರು 62–63 ಗ್ರಾಮಿಗೆ ಬರಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು ಗ್ರಾಮಿಗಿಂತ ಕಡಿಮೆ ತೋರಿಸುವುದಿಲ್ಲವಾದ್ದರಿಂದ, ಒಂದೊಂದೇ ತತ್ತಿ ತೂಗಿದರೆ ವಾರದ ವ್ಯತ್ಯಾಸ ಸರಿಯಾಗಿ ಸಿಗದು. ಎಲ್ಲವನ್ನೂ ಒಟ್ಟಿಗೆ ತೂಗಿ. 12 ತತ್ತಿಗೆ 864 ಗ್ರಾಂ ಇತ್ತು ಎಂದುಕೊಳ್ಳಿ: 7ನೆಯ ದಿನ 833, 14ನೆಯ ದಿನ 801, 25ನೆಯ ದಿನ 752ರ ಹತ್ತಿರ ಇರಬೇಕು. ನಡುವೆ ಖಾಲಿ (ಮರಿ ಕಟ್ಟದ) ತತ್ತಿ ತೆಗೆದರೆ ಲೆಕ್ಕ ಕೆಡುತ್ತದೆ. ಅದಕ್ಕೇ ಮೊದಲ ದಿನ ಪ್ರತಿ ತತ್ತಿಯ ಮೇಲೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ, ಒಂದೊಂದರ ತೂಕವನ್ನೂ ಬರೆದಿಟ್ಟುಕೊಳ್ಳಿ. ತೆಗೆದದ್ದರ ಮೊದಲ ತೂಕ ಕಳೆದು ಹೊಸ ಗುರಿ ಹಾಕಿಕೊಳ್ಳಬಹುದು. ಸ್ಕೆಚ್ ಪೆನ್ ಬೇಡ, ಸಿಪ್ಪೆಯ ಸಣ್ಣ ತೂತುಗಳಲ್ಲಿ ಶಾಯಿ ಇಳಿಯುತ್ತದೆ.

ತೂಕ ಸಾಕಷ್ಟು ಇಳಿಯದಿದ್ದರೆ ನೀರಿನ ತಟ್ಟೆ ತೆಗೆದುಬಿಡಿ, ಗಾಳಿಯ ತೂತು ಒಂದೆರಡು ಹೆಚ್ಚಿಗೆ ತೆರೆಯಿರಿ. ಜಾಸ್ತಿ ಇಳಿದಿದ್ದರೆ ಅಗಲದ ತಟ್ಟೆ ಇಡಿ. ಇಲ್ಲಿ ಆಳದಿಂದ ಉಪಯೋಗವಿಲ್ಲ, ನೀರಿನ ಮೇಲ್ಮೈ ಎಷ್ಟು ಅಗಲವೋ ಅಷ್ಟು ಆವಿ. ತೇವಾಂಶ ಅಳೆಯುವ ಹೈಗ್ರೊಮೀಟರ್ ಬೇಡವೆಂದಲ್ಲ, ಆದರೆ ಅಗ್ಗದ್ದು ಹತ್ತು ಅಂಕ ಆಚೀಚೆ ತೋರಿಸುವುದು ಮಾಮೂಲು. ಪರೀಕ್ಷೆ ಸುಲಭ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಬೆರೆಸಿ, ಹೈಗ್ರೊಮೀಟರಿನ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 82 ತೋರಿಸಿದರೆ ಯಾವಾಗಲೂ 7 ಕಳೆದು ಓದಿ.

ಡಬ್ಬವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಮೀನು ಮಾರ್ಕೆಟ್ಟಿನಲ್ಲಿ ಸಿಗುವ ದಪ್ಪ ಗೋಡೆಯ ಥರ್ಮೋಕೋಲ್ ಡಬ್ಬ ಇದಕ್ಕೆ ಬಹಳ ಒಳ್ಳೆಯದು. ಬ್ಲೀಚಿಂಗ್ ಪುಡಿ ನೀರಲ್ಲಿ ತೊಳೆದು ಎರಡು ದಿನ ಬಿಸಿಲಿಗಿಟ್ಟರೆ ವಾಸನೆ ಹೋಗುತ್ತದೆ. ಒಳಗೆ 25 ವಾಟ್‌ನ ಎರಡು ಹಳೆಯ ನಮೂನೆಯ ತಂತಿ ಬಲ್ಬ್ (ಎಲ್‌ಇಡಿ ಬಿಸಿ ಕೊಡುವುದಿಲ್ಲ), ಕಂಪ್ಯೂಟರಿನಿಂದ ತೆಗೆದ 12 ವೋಲ್ಟ್ ಫ್ಯಾನ್, ಬಿಸಿಯನ್ನು ಹತೋಟಿಯಲ್ಲಿಡುವ ಡಬ್ಲ್ಯೂ 1209 ಎಂಬ ಚಿಕ್ಕ ಥರ್ಮೊಸ್ಟ್ಯಾಟ್ ಬೋರ್ಡ್, ಫ್ಯಾನಿಗೂ ಬೋರ್ಡಿಗೂ ಸೇರಿ ಒಂದು 12 ವೋಲ್ಟ್ ಅಡಾಪ್ಟರ್. ಬಲ್ಬ್ ಎರಡು ಏಕೆಂದರೆ ರಾತ್ರಿ ಒಂದು ಹೋದರೆ ಇನ್ನೊಂದು ಬೆಳಗಿನ ತನಕ ಎಳೆಯುತ್ತದೆ. ಸೆನ್ಸರಿನ ತುದಿ ತತ್ತಿಯ ಮಟ್ಟದಲ್ಲೇ ಇರಲಿ, ಬಲ್ಬಿಗೆ ನೇರ ಕಾಣದಂತೆ. ಬಲ್ಬಿನ ಸುತ್ತ ಜಾಲರಿ ಕಟ್ಟದಿದ್ದರೆ ಹುಟ್ಟಿದ ಮರಿ ಹೋಗಿ ತಾಗಿಕೊಳ್ಳುತ್ತದೆ. ಗೋಡೆಯ ಕೆಳಗೆ ಮೂರು, ಮೇಲೆ ಮೂರು, ಬೆರಳು ತೂರುವಷ್ಟು ತೂತು. 230 ವೋಲ್ಟಿನ ವೈರಿಂಗ್ ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ, ನೀರಿನ ತಟ್ಟೆಯ ಪಕ್ಕದಲ್ಲಿ ಕರೆಂಟ್ ಇರುವ ಜಾಗ ಅದು.

ಫ್ಯಾನ್ ಇದ್ದರೆ 37.5 ಡಿಗ್ರಿ. ಫ್ಯಾನ್ ಇಲ್ಲದ ಡಬ್ಬದಲ್ಲಿ ತತ್ತಿಯ ಮೇಲ್ತುದಿಯ ಮಟ್ಟದಲ್ಲಿ 38.3. ತತ್ತಿ ಇಡುವ ಮೊದಲು ಖಾಲಿ ಡಬ್ಬವನ್ನು ಒಂದು ಇಡೀ ದಿನ ಓಡಿಸಿ, ಥರ್ಮೊಸ್ಟ್ಯಾಟಿನ ಅಂಕಿಯನ್ನು ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರಿನೊಂದಿಗೆ ಹೋಲಿಸಿ ನೋಡಿ. ತಂಪಿಗಿಂತ ಸೆಕೆಯೇ ಹೆಚ್ಚು ಅಪಾಯ. ಎರಡು ಮೂರು ತಾಸು 30 ಡಿಗ್ರಿಗೆ ಇಳಿದರೆ ಮರಿ ಸಾಮಾನ್ಯವಾಗಿ ಉಳಿಯುತ್ತದೆ, ಅರ್ಧ ದಿನ ತಡವಾದೀತು. 40 ದಾಟಿ ಅಷ್ಟೇ ಹೊತ್ತು ನಿಂತರೆ ಉಳಿಯುವುದು ಕಷ್ಟ. ಜೂನ್‌ನಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋದಾಗ, ಮನೆಯಲ್ಲಿ ಇನ್ವರ್ಟರ್ ಇಲ್ಲದಿದ್ದರೆ, 45–50 ಡಿಗ್ರಿಯ ನೀರು ತುಂಬಿದ ಎರಡು ಲೀಟರ್ ಬಾಟಲಿಗಳನ್ನು ಬಟ್ಟೆ ಸುತ್ತಿ ಒಳಗಿಟ್ಟು, ಮೇಲೆ ಕೌದಿ ಹೊದಿಸಿ. ಮೊದಲ ಎರಡು ವಾರ ತೂತು ಮುಚ್ಚಿದರೂ ನಡೆದೀತು. ಕೊನೆಯ ವಾರ ಮುಚ್ಚಬೇಡಿ, ಬೆಳೆದ ಮರಿಗೆ ಉಸಿರಾಡಲು ಗಾಳಿ ಬೇಕು, ತನ್ನ ಬಿಸಿಯನ್ನು ಅದೇ ಸ್ವಲ್ಪ ಹುಟ್ಟಿಸಿಕೊಳ್ಳುತ್ತದೆ.

ಕಾಕಿ ಕ್ಯಾಂಪ್‌ಬೆಲ್, ಪೆಕಿನ್, ರನ್ನರ್, ನಾಟಿ ಬಾತು ಎಲ್ಲಕ್ಕೂ 28 ದಿನ, ಇಲ್ಲಿ ಹೇಳಿರುವ 25ನೆಯ ದಿನದ ಲೆಕ್ಕ ಇವಕ್ಕೇ. ಮುಖದ ಮೇಲೆ ಕೆಂಪು ಗಂಟುಗಂಟು ಇರುವ ಮಸ್ಕೋವಿಗೆ 35. ಇವೆರಡರ ಮಿಶ್ರ ಮರಿ ಗಟ್ಟಿಮುಟ್ಟಾಗಿ ಬೆಳೆದರೂ ಬಂಜೆ, ಅದರಿಂದ ಮುಂದೆ ಸಂತಾನವಿಲ್ಲ. ಆದ್ದರಿಂದ ತಳಿ ಮುಂದುವರಿಸುವ ಆಸೆಯಿದ್ದರೆ ಎರಡನ್ನೂ ಒಂದೇ ಹಿತ್ತಲಲ್ಲಿ ಬಿಡಬೇಡಿ. ಐದಾರು ಹೆಣ್ಣಿಗೆ ಒಂದು ಗಂಡು ಸಾಕು. ಗಂಡು ಜಾಸ್ತಿಯಾದರೆ ಹೆಣ್ಣುಗಳ ಕುತ್ತಿಗೆಯ ಹಿಂದಿನ ಪುಕ್ಕ ಉದುರಿ ಗಾಯವಾಗುತ್ತದೆ.

ಬಾತು ತತ್ತಿ ಇಡುವುದು ನಸುಕಿನಲ್ಲಿ. ಒಂಬತ್ತರ ತನಕ ಗೂಡಿನಿಂದ ಬಿಡದಿದ್ದರೆ ಕೆಸರಿನಲ್ಲಿ, ತೋಡಿನಲ್ಲಿ ಹುಡುಕುವ ಕೆಲಸ ತಪ್ಪುತ್ತದೆ. ಗೂಡಿನಲ್ಲಿ ದಪ್ಪಗೆ ಭತ್ತದ ಹುಲ್ಲು ಹಾಕಿ ಎರಡು ದಿನಕ್ಕೊಮ್ಮೆ ಬದಲಿಸಿ, ಮರಿಗೆ ಬೇಕಾದ ಶುದ್ಧ ತತ್ತಿ ಅಲ್ಲಿಂದಲೇ ಶುರು. ಕಾವಿಗಿಡುವ ತತ್ತಿಯನ್ನು ತೊಳೆಯಬೇಡಿ. ಸಿಪ್ಪೆಯ ಮೇಲಿನ ತೆಳು ಲೇಪ ತೊಳೆದರೆ ಹೋಗುತ್ತದೆ, ತಣ್ಣೀರಾದರೆ ಒಳಗಿನದು ಕುಗ್ಗಿ ಹೊರಗಿನ ಕೊಳೆಯನ್ನು ತೂತುಗಳ ಮೂಲಕ ಒಳಗೆ ಎಳೆದುಕೊಳ್ಳುತ್ತದೆ. ಒಣಗಿದ ಸಣ್ಣ ಕಲೆಯನ್ನು ನಯವಾದ ಪಾಲಿಶ್ ಕಾಗದದಲ್ಲಿ ಮೆಲ್ಲಗೆ ಉಜ್ಜಿ, ಪೂರ್ತಿ ಕೊಳೆಯಾದದ್ದನ್ನು ಅಡುಗೆಗೆ ಬಿಡಿ. ಕೂಡಿಡಲು 13ರಿಂದ 18 ಡಿಗ್ರಿ ಒಳ್ಳೆಯದು, ಆದರೆ ಗೋವಾದ ಮನೆಯಲ್ಲಿ ಅಷ್ಟು ತಂಪು ಜಾಗ ಇರುವುದಿಲ್ಲ, ಫ್ರಿಜ್ಜಿನ ಒಳಗೋ ತೀರಾ ತಂಪು. ಹಾಗಾಗಿ ಮನೆಯ ತಣ್ಣನೆಯ ಮೂಲೆಯಲ್ಲಿ ಚೂಪು ತುದಿ ಕೆಳಗೆ ಮಾಡಿಟ್ಟು, ಐದು ದಿನದೊಳಗೆ ಕಾವಿಗಿಟ್ಟುಬಿಡಿ.

ತಿರುವುದು ದಿನಕ್ಕೆ ಮೂರು ಇಲ್ಲವೇ ಐದು ಸಲ. ಬೆಸ ಸಂಖ್ಯೆ ಇದ್ದರೆ ಉದ್ದನೆಯ ರಾತ್ರಿ ಪ್ರತಿ ಸಲವೂ ಒಂದೇ ಮಗ್ಗುಲಾಗುವುದಿಲ್ಲ. ಒಂದು ಕಡೆ ಗುಣಿಸು ಗುರುತು, ಇನ್ನೊಂದು ಕಡೆ ಸೊನ್ನೆ ಹಾಕಿಕೊಂಡರೆ ಗೊಂದಲವಿಲ್ಲ. 8ನೆಯ ದಿನದಿಂದ ದಿನಕ್ಕೊಮ್ಮೆ ಮುಚ್ಚಳ ತೆಗೆದು 10–15 ನಿಮಿಷ ಆರಲು ಬಿಡಿ. ತತ್ತಿಯನ್ನು ಕಣ್ಣರೆಪ್ಪೆಗೆ ಒತ್ತಿದರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು, ಅಷ್ಟಾದಾಗ ಮುಚ್ಚಿ. ತಾಯಿ ಬಾತು ಮೇವಿಗೆ ಎದ್ದು ಹೋಗುವ ಹೊತ್ತಿಗೆ ಇದು ಬದಲಿ. ಅದು ಒದ್ದೆ ಪುಕ್ಕದಲ್ಲಿ ವಾಪಸು ಬಂದು ಕೂರುವುದರಿಂದಲೇ ನೀರು ಚಿಮುಕಿಸುವ ರೂಢಿ ಬಂದದ್ದು. ಮಳೆಗಾಲದಲ್ಲಿ ತೂಕ ಹಿಂದೆ ಬಿದ್ದಿದ್ದರೆ ಚಿಮುಕಿಸುವುದನ್ನು ಬಿಟ್ಟು ಆರಿಸುವುದನ್ನು ಮಾತ್ರ ಮಾಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

7ನೆಯ ದಿನ ಕತ್ತಲೆಯಲ್ಲಿ ಟಾರ್ಚ್ ಹಿಡಿದು ನೋಡಿದರೆ ಜೀವವಿರುವ ತತ್ತಿಯಲ್ಲಿ ಕಪ್ಪು ಚುಕ್ಕೆ, ಅದರಿಂದ ಕವಲೊಡೆದ ಕೆಂಪು ನರಗಳು. ನರವಿಲ್ಲದೆ ಒಂದು ಕೆಂಪು ಉಂಗುರ ಮಾತ್ರ ಕಂಡರೆ ಅದು ಮೊದಲ ದಿನಗಳಲ್ಲೇ ಸತ್ತದ್ದು. ಏನೂ ಇಲ್ಲದೆ ಹಳದಿಯ ನೆರಳಷ್ಟೇ ತೇಲಿದರೆ ಖಾಲಿ. 14ರಂದು ಇನ್ನೊಮ್ಮೆ ನೋಡಿ, ವಾಸನೆ ಬರುವುದನ್ನು ಕೂಡಲೇ ತೆಗೆಯಿರಿ. ಒಂದು ಕೊಳೆತು ಸಿಡಿದರೆ ಇಡೀ ಡಬ್ಬ ಕೆಡುತ್ತದೆ.

25ನೆಯ ದಿನ ಎಲ್ಲ ತಿರುಗುಮುರುಗಾಗುತ್ತದೆ. ತಿರುವುದು ನಿಲ್ಲಿಸಿ, ಬಿಸಿ 37.2ಕ್ಕೆ ಇಳಿಸಿ, ಇಷ್ಟು ದಿನ ದೂರವಿಟ್ಟ ನೀರನ್ನು ಈಗ ಧಾರಾಳವಾಗಿ ಕೊಡಿ. ಅಗಲದ ತಟ್ಟೆಯ ಜೊತೆ ಒದ್ದೆ ಬಟ್ಟೆಯನ್ನೂ ಹರಡಿ ಶೇ 70–75 ತಲುಪಿಸಿ. ಮುಚ್ಚುವ ಮುನ್ನ ಕೊನೆಯ ಸಲ ಟಾರ್ಚ್ ಹಿಡಿದರೆ ತತ್ತಿಯ ದಪ್ಪ ತುದಿಯೊಳಗಿನ ಗಾಳಿಯ ಕೋಣೆ ಒಂದು ಪಕ್ಕಕ್ಕೆ ಓರೆಯಾಗಿ ಇಳಿದಿರುತ್ತದೆ, ಅದರ ಅಂಚಿನಲ್ಲಿ ಕೊಕ್ಕಿನ ನೆರಳು ಒತ್ತಿ ಒತ್ತಿ ಹಿಂದೆ ಸರಿಯುವುದು ಕಾಣುತ್ತದೆ. ಪೊರೆ ಹರಿದು ಒಳಗಿನ ಗಾಳಿಗೆ ಕೊಕ್ಕು ಬಂದ ಮೇಲೆ ಸಿಪ್ಪೆ ಒಡೆಯಲು ಅರ್ಧ ದಿನದಿಂದ ಒಂದು ದಿನ. ಸಿಪ್ಪೆಗೆ ಮೊದಲ ಬಿರುಕು ಬಿದ್ದ ಮೇಲೆ ಹೊರಬರಲು ಇನ್ನೂ 24ರಿಂದ 48 ತಾಸು. ಕೋಳಿಮರಿ ನೋಡಿದವರಿಗೆ ಈ ನಿಧಾನ ದಿಗಿಲು ಹುಟ್ಟಿಸುತ್ತದೆ, ಮುಚ್ಚಳ ತೆಗೆದು ಸಿಪ್ಪೆ ಬಿಡಿಸಲು ಹೋಗುತ್ತಾರೆ. ಆ ಹೊತ್ತಿನಲ್ಲಿ ಮರಿ ಪೊರೆಯ ನರಗಳಲ್ಲಿನ ರಕ್ತವನ್ನೂ ಉಳಿದ ಹಳದಿಯನ್ನೂ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಬೇಗ ಬಿಡಿಸಿದರೆ ರಕ್ತ ಹರಿದು ಸಾಯುತ್ತದೆ. ಮುಚ್ಚಳ ತೆಗೆದಾಗ ಒಳಗಿನ ಆವಿ ಹೋಗಿ ಉಳಿದ ತತ್ತಿಗಳ ಪೊರೆಯೂ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ.

ಬಿರುಕು ಬಿಟ್ಟು 36 ತಾಸಾದರೂ ಮುಂದುವರಿಯದಿದ್ದರೆ ಮಾತ್ರ ಕೈ ಹಾಕಿ. ಕಿವಿಗೆ ಹಚ್ಚುವ ಹತ್ತಿಕಡ್ಡಿಯಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು, ಕೊಕ್ಕಿನ ತೂತಿಗೆ ಹೋಗದಂತೆ ಪೊರೆಗೆ ಸವರಿ. ಒದ್ದೆಯಾದ ಪೊರೆಯಲ್ಲಿ ಕೆಂಪು ಗೆರೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಆರು ತಾಸು ಬಿಟ್ಟು ನೋಡಿ. ಬರೀ ಬಿಳಿಯಿದ್ದರೆ ಗಾಳಿಯ ಕೋಣೆಯ ಸುತ್ತ ಚೂರುಚೂರೇ ಬಿಡಿಸಬಹುದು. ಕೊನೆಯ ಒದೆತ ಮರಿಯದೇ ಇರಲಿ.

ಇನ್‌ಕ್ಯುಬೇಟರ್ ಬೇಡ ಅನ್ನುವವರಿಗೆ ಕಾವಿಗೆ ಕೂತ ನಾಟಿ ಹೇಂಟೆ ಸಾಕು, ಒಂದಕ್ಕೆ ಆರು ಬಾತು ತತ್ತಿ. ಮಸ್ಕೋವಿ ತಾನೇ ಚೆನ್ನಾಗಿ ಕೂರುತ್ತದೆ. ಕಾಕಿ ಕ್ಯಾಂಪ್‌ಬೆಲ್ಲನ್ನು ನಂಬಬೇಡಿ, ಬಹಳ ತತ್ತಿ ಇಡುವ ತಳಿಗಳಿಗೆ ಕೂರುವ ಬುದ್ಧಿ ಕಡಿಮೆ.

ಹೊರಬಂದ ಮರಿಗೆ ಒಂದು ದಿನ ಮೇವು ಬೇಡ, ಹೊಟ್ಟೆಯ ಹಳದಿಯೇ ಸಾಕು. ಮೊದಲ ವಾರ 32 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಕುಡಿಯುವ ನೀರು ಮೂಗಿನ ಹೊಳ್ಳೆ ಮುಳುಗುವಷ್ಟು ಆಳವಿರಲಿ, ಮೈ ಮುಳುಗುವಷ್ಟು ಬೇಡ, ತಾಯಿಯಿಲ್ಲದ ಮರಿಯ ನುಣುಪು ಕೂದಲು ನೀರು ಹಿಡಿದು ಚಳಿಗೆ ಸಾಯುತ್ತದೆ. ಕೋಳಿಮರಿಯ ಮೇವನ್ನೇ ಕೊಟ್ಟರೆ ನಿಯಾಸಿನ್ ಎಂಬ ಬಿ ವಿಟಮಿನ್ ಕಡಿಮೆಯಾಗಿ ಕಾಲು ಸೊಟ್ಟಗಾಗುತ್ತದೆ, ಒಂದು ಕಿಲೋ ಮೇವಿಗೆ ಮೂರು ನಾಲ್ಕು ದೊಡ್ಡ ಚಮಚ ಬ್ರೂವರ್ಸ್ ಯೀಸ್ಟ್ ಬೆರೆಸಿ. ಎಲ್ಲಕ್ಕಿಂತ ಮುಖ್ಯ: ಬೂಸಲು ಬಂದ ಮೆಕ್ಕೆಜೋಳ, ಶೇಂಗಾ ಹಿಂಡಿ ಹತ್ತಿರ ತರಬೇಡಿ. ಬೂಸಲಿನ ಅಫ್ಲಾಟಾಕ್ಸಿನ್ ವಿಷವನ್ನು ಕೋಳಿ ಸ್ವಲ್ಪ ತಡೆದೀತು, ಬಾತುಮರಿ ತಡೆಯದು. ಜುಲೈನ ಗೋವಾದಲ್ಲಿ ತೆರೆದ ಚೀಲ ಹದಿನೈದು ದಿನ ಬಾಳುವುದಿಲ್ಲ, ಐದು ಕಿಲೋಗಿಂತ ಹೆಚ್ಚು ತರಬೇಡಿ.

ಇನ್ನು ಹಂಚಿಕೊಳ್ಳುವ ಮಾತು. ಒಂದೇ ಗಂಡು, ನಾಲ್ಕು ಹೆಣ್ಣಿನ ಹಿಂಡಿನಲ್ಲಿ ಎರಡನೆಯ ಪೀಳಿಗೆಗೇ ಒಡಹುಟ್ಟಿದವು ಕೂಡುತ್ತವೆ, ಬರಬರುತ್ತಾ ತತ್ತಿ ಕಟ್ಟುವುದೂ ಮರಿ ಬದುಕುವುದೂ ಕಡಿಮೆಯಾಗುತ್ತದೆ. ಅದಕ್ಕೆ ಮದ್ದು ಅದಲುಬದಲು: ನೀವು ಆರು ತತ್ತಿ ಕೊಡಿ, ಬೇರೆ ಮನೆಯಿಂದ ಆರು ತನ್ನಿ. ಪೂರ್ತಿ ಹೊಸ ರಕ್ತ ಬೇಕಾದವರಿಗೆ ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಇದೆ. ಬೆಳಗಾವಿ ಕಡೆಯ ಮನೆಗೆ ಕೊಡುವುದಾದರೆ ತತ್ತಿಯನ್ನು ಭತ್ತದ ಹೊಟ್ಟು ತುಂಬಿದ ಡಬ್ಬದಲ್ಲಿ ಚೂಪು ತುದಿ ಕೆಳಗಾಗಿ ನೆಟ್ಟು, ಕದಂಬ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ, ಡಿಕ್ಕಿಯಲ್ಲಿ ಬೇಡ. ಚೋರ್ಲಾ ಘಾಟಿಯ ಕುಲುಕಾಟಕ್ಕೆ ಗಾಳಿಯ ಕೋಣೆ ಸಡಿಲವಾಗಿ ಗುಳ್ಳೆಯಂತೆ ಓಡಾಡತೊಡಗುತ್ತದೆ. ಬೆಳಗಾವಿ ಮುಟ್ಟಿದ ಮೇಲೆ ಒಂದು ದಿನ ಅಲುಗಿಸದೆ ಇಟ್ಟು ಆಮೇಲೆ ಕಾವಿಗಿಡಿ. ತಿನ್ನಲು ಕೊಡುವ ತತ್ತಿ ಬೇರೆಯೇ ಇರಲಿ. ಕಾವಿನಿಂದ ತೆಗೆದ ಖಾಲಿ ತತ್ತಿಯನ್ನು ಯಾರಿಗೂ ತಿನ್ನಲು ಕೊಡಬೇಡಿ, ಬಾತುಕೋಳಿ ತತ್ತಿಯನ್ನು ಹಳದಿ ಗಟ್ಟಿಯಾಗುವ ತನಕ ಬೇಯಿಸಲು ಹೇಳಿ. ಹಿಂಡಿನಲ್ಲಿ ಒಂದಾದರೂ ಬಾತು ಮಂಕಾಗಿದ್ದರೆ ಕೊಡುವುದು, ತರುವುದು ಎರಡೂ ನಿಲ್ಲಿಸಿ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ.

ಕೊಟ್ಟ ಡಬ್ಬದ ಮೇಲೆ ತತ್ತಿ ಇಟ್ಟ ತಾರೀಖು ಬರೆದು, ತೆಗೆದುಕೊಂಡವರಿಂದ ಎರಡು ಲೆಕ್ಕ ಕೇಳಿಕೊಳ್ಳಿ: 7ನೆಯ ದಿನ ಖಾಲಿ ಎಷ್ಟು, 25ರ ನಂತರ ಸತ್ತದ್ದೆಷ್ಟು. ಮೊದಲನೆಯದು ಹೆಚ್ಚಿದ್ದರೆ ನಿಮ್ಮ ಗಂಡು ಬಾತನ್ನು, ತತ್ತಿ ಹಳೆಯದಾಗಿತ್ತೇ ಎಂಬುದನ್ನು ನೋಡಿ. ಎರಡನೆಯದು ಹೆಚ್ಚಿದ್ದರೆ ಅವರ ತೂಕದ ಪಟ್ಟಿ ತರಿಸಿಕೊಂಡು ಒಟ್ಟಿಗೆ ಕೂತು ನೋಡಿ.