ವಾರವಿಡೀ ನಿಂತ ವಿಮಾನವನ್ನು ಶನಿವಾರ ಹಾರಿಸುವ ಮುನ್ನ

ಚಿಕ್ಕ ವಿಮಾನ ಹಾರಿದಷ್ಟೂ ಚೆನ್ನಾಗಿರುತ್ತದೆ, ನಿಂತಷ್ಟೂ ಕೆಡುತ್ತದೆ. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಒಂದೆರಡು ಗಂಟೆ ಹಾರಿಸುವವರ ವಿಮಾನ ವರ್ಷದ ಬಹುಪಾಲು ಹ್ಯಾಂಗರಿನಲ್ಲೇ ಇರುತ್ತದೆ. ಆ ದಿನಗಳಲ್ಲಿ ಟ್ಯಾಂಕಿಗೆ ನೀರು ಸೇರುತ್ತದೆ, ಕೊಳವೆಗಳಲ್ಲಿ ಹುಳ ಗೂಡು ಕಟ್ಟುತ್ತದೆ, ಬ್ಯಾಟರಿ ಇಳಿಯುತ್ತದೆ, ಎಂಜಿನ್ನಿನ ಒಳಗೆ ತುಕ್ಕು ಹಿಡಿಯಲು ಶುರುವಾಗುತ್ತದೆ. ಶನಿವಾರ ಬೆಳಿಗ್ಗೆ ವಿಮಾನದ ಸುತ್ತ ನಡೆಯುವಾಗ ಮುಖ್ಯವಾಗಿ ಹುಡುಕಬೇಕಾದ್ದು ಇವನ್ನೇ. ಕಳೆದ ವಾರ ಸರಿಯಾಗಿತ್ತು ಅನ್ನುವುದು ಈ ವಾರಕ್ಕೆ ಸಾಕ್ಷಿಯಲ್ಲ.

ಮಾತು ಸ್ಪಷ್ಟವಾಗಿರಲಿ ಅಂತ ಒಂದೇ ವಿಮಾನವನ್ನು ಇಟ್ಟುಕೊಳ್ಳೋಣ: ಅಮೆರಿಕದ ಮಿಸೌರಿಯಿಂದ ಕಿಟ್ ಆಗಿ ಬರುವ ಝೆನಿತ್ ಸಿಎಚ್ 750, ಅದಕ್ಕೆ 100 ಅಶ್ವಶಕ್ತಿಯ ರೋಟ್ಯಾಕ್ಸ್ 912 ಯುಎಲ್‌ಎಸ್ ಎಂಜಿನ್. ಎರಡು ಸೀಟು, ಅಲ್ಯೂಮಿನಿಯಂ ಹಾಳೆ, ರಿವೆಟ್‌ಗಳಲ್ಲಿ ಹೆಚ್ಚಿನವು ಒಂದೇ ಬದಿಯಿಂದ ಎಳೆದು ಕೂರಿಸುವಂಥವು. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಲಿಕೆಗಾಗಿ ಅಥವಾ ಹವ್ಯಾಸಕ್ಕಾಗಿ ಸ್ವತಃ ಮಾಡಿದವರಿಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 'ಎಕ್ಸ್‌ಪೆರಿಮೆಂಟಲ್' (ಪ್ರಾಯೋಗಿಕ) ವರ್ಗದಲ್ಲಿ ವಿಮಾನಕ್ಕೆ ಹಾರಾಟದ ಪತ್ರ ಕೊಡುತ್ತದೆ. ಕಟ್ಟಿದವರು ರಿಪೇರ್‌ಮ್ಯಾನ್ ಪತ್ರ ಪಡೆದರೆ ವರ್ಷಕ್ಕೊಮ್ಮೆಯ ಕಡ್ಡಾಯ ತಪಾಸಣೆಗೆ ತಾವೇ ಸಹಿ ಹಾಕಬಹುದು. ಆ ವಿಮಾನವನ್ನು ಕೊಂಡ ಎರಡನೆಯವರಿಗೆ ಆ ಹಕ್ಕು ತಾನಾಗಿ ಬರುವುದಿಲ್ಲ, ಅರ್ಹತಾ ಪತ್ರ ಇರುವವರೇ ಸಹಿ ಹಾಕಬೇಕು. ಆದರೆ ವರ್ಷದ ತಪಾಸಣೆ ವರ್ಷಕ್ಕೊಂದು ಸಲ. ಪ್ರತಿ ವಾರದ್ದು ಹಾರಿಸುವವರ ಹೊಣೆ.

ಮೊದಲು ಎಣ್ಣೆ. ರೋಟ್ಯಾಕ್ಸ್ 912ರಲ್ಲಿ ಎಣ್ಣೆ ಎಂಜಿನ್ನಿನ ತಳದಲ್ಲಿ ನಿಲ್ಲದೆ ಪಕ್ಕದ ಬೇರೆ ಟ್ಯಾಂಕಿನಲ್ಲಿರುತ್ತದೆ. ನಿಂತ ದಿನಗಳಲ್ಲಿ ಅದರಲ್ಲಿ ಸ್ವಲ್ಪ ಜಿನುಗಿ ಎಂಜಿನ್ನಿಗೆ ಇಳಿದಿರುತ್ತದೆ, ಹಾಗಾಗಿ ಬಂದ ಕೂಡಲೇ ಡಿಪ್‌ಸ್ಟಿಕ್ ಎತ್ತಿ ನೋಡಿದರೆ ಎಣ್ಣೆ ಕಡಿಮೆ ಕಾಣುತ್ತದೆ. ಕಡಿಮೆಯಿದೆ ಅಂತ ಸುರಿದರೆ ಹೆಚ್ಚಾಗಿ, ಹಾರುವಾಗ ಹೊರಗೆ ಉಗುಳುತ್ತದೆ. ಸರಿಯಾದ ಕ್ರಮ ಹೀಗೆ: ಎರಡೂ ಇಗ್ನಿಷನ್ ಸ್ವಿಚ್ ಆಫ್, ಚಕ್ರಕ್ಕೆ ಅಡ್ಡ, ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದು ಪ್ರೊಪೆಲರನ್ನು ಕೈಯಿಂದ ನಿಧಾನಕ್ಕೆ ತಿರುಗಿಸುತ್ತ ಹೋಗಬೇಕು. ಪ್ರತಿ ಕಂಪ್ರೆಷನ್ನಿನಲ್ಲಿ, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತಿ ಕೈಗೆ ಬಿಗಿ ಅನ್ನಿಸುವಾಗ, ಎರಡು ಕ್ಷಣ ಒತ್ತಿ ಹಿಡಿದರೆ ಪಿಸ್ಟನ್ ಉಂಗುರ ದಾಟಿದ ಗಾಳಿ ಎಣ್ಣೆಯನ್ನು ಟ್ಯಾಂಕಿಗೆ ತಳ್ಳುತ್ತದೆ. ಕೊನೆಗೆ ಟ್ಯಾಂಕಿನಿಂದ ಗುಳುಗುಳು ಸದ್ದು ಕೇಳುತ್ತದೆ. ಆಗ ನೋಡಿದ ಅಳತೆಯೇ ನಿಜವಾದ ಅಳತೆ. ಡಿಪ್‌ಸ್ಟಿಕ್ಕಿನ ಎರಡು ಗುರುತುಗಳ ನಡುವಿನ ಅಂತರ 0.45 ಲೀಟರ್ ಮಾತ್ರ, ಆದ್ದರಿಂದ ಸುರಿಯುವಾಗ ಕೈ ಬಿಗಿ ಇರಲಿ. ಪ್ರೊಪೆಲರನ್ನು ಎಂದೂ ಹಿಂದಕ್ಕೆ ತಿರುಗಿಸಬೇಡಿ, ವಾಲ್ವ್ ಎತ್ತುವ, ಎಣ್ಣೆ ತುಂಬಿದ ಲಿಫ್ಟರ್‌ಗಳಿಗೆ ಗಾಳಿ ಹೊಕ್ಕುತ್ತದೆ. ಸ್ವಿಚ್ ಆಫ್ ಇದ್ದರೂ ಪ್ರೊಪೆಲರಿಗೆ ಜೀವ ಇದೆ ಅಂದುಕೊಂಡೇ ಕೈ ಇಡಬೇಕು. ಸ್ವಿಚ್ಚಿನ ಒಂದು ತಂತಿ ಕಡಿದಿದ್ದರೆ ಇಗ್ನಿಷನ್ ಆಫ್ ಆಗಿರುವುದೇ ಇಲ್ಲ.

ಈ ತಿರುಗಿಸುವ ಕೆಲಸದಲ್ಲಿ ಇನ್ನೊಂದು ಲಾಭವಿದೆ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಕೈಗೆ ಸಿಗುತ್ತದೆ. ಒಂದು ಮೆತ್ತಗಿದ್ದರೆ ಹಾರುವ ಮೊದಲೇ ಗೊತ್ತಾಯಿತು.

ಹವೆ ಸರಿಯಿಲ್ಲದ ವಾರ ಬಹಳ ಜನ ಒಂದು ಕೆಲಸ ಮಾಡುತ್ತಾರೆ: ಹ್ಯಾಂಗರಿಗೆ ಬಂದು ಎಂಜಿನ್ ಹತ್ತು ನಿಮಿಷ ಓಡಿಸಿ, 'ಎಣ್ಣೆ ಸುತ್ತಾಡಿತು' ಅಂತ ಸಮಾಧಾನಪಟ್ಟು ಮನೆಗೆ ಹೋಗುತ್ತಾರೆ. ಇದರಿಂದ ಎಂಜಿನ್ನಿಗೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಹೊಗೆಯ ಜೊತೆ ಆವಿಯಾಗಿ ಹೋದರೂ ಸ್ವಲ್ಪ ಪಿಸ್ಟನ್ ದಾಟಿ ಎಣ್ಣೆಗೆ ಸೇರುತ್ತದೆ. ಅದು ಕುದಿದು ಹೊರಹೋಗಬೇಕಾದರೆ ಎಣ್ಣೆ ದಿನಕ್ಕೊಮ್ಮೆಯಾದರೂ 100 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಅಂತ ರೋಟ್ಯಾಕ್ಸ್ ಹೇಳುತ್ತದೆ. ನೆಲದ ಮೇಲಿನ ಹತ್ತು ನಿಮಿಷದಲ್ಲಿ ಅಷ್ಟು ಬಿಸಿ ಏರುವುದಿಲ್ಲ. ನೀರು ಮಾತ್ರ ಸೇರುತ್ತದೆ. ಹಾರಲು ಆಗದಿದ್ದರೆ ಸ್ಟಾರ್ಟ್ ಮಾಡದೆ ಬಿಟ್ಟುಬಿಡುವುದೇ ಮೇಲು. ಹಾರುವ ದಿನವೂ ಎಣ್ಣೆಯ ಗೇಜಿನ ಮೇಲೆ ಕಣ್ಣಿರಲಿ. ಚಳಿಗಾಲದಲ್ಲಿ 70ರಲ್ಲೇ ನಿಂತುಬಿಟ್ಟರೆ ಎಣ್ಣೆ ಕೂಲರಿನ ಮುಂಭಾಗಕ್ಕೆ ಸ್ವಲ್ಪ ಅಲ್ಯೂಮಿನಿಯಂ ಟೇಪ್ ಅಂಟಿಸಿ, 90ರಿಂದ 110ರ ನಡುವೆ ಬರುವ ಹಾಗೆ ಮಾಡಬೇಕು. ಬೇಸಿಗೆ ಬಂದಾಗ ಆ ಟೇಪ್ ಕೀಳಲು ಮರೆಯಬಾರದು, 130 ಅದರ ಮಿತಿ.

ಇನ್ನು ಪೆಟ್ರೋಲ್. ನಿಂತ ಟ್ಯಾಂಕಿನಲ್ಲಿ ಹಗಲು ರಾತ್ರಿಯ ಉಷ್ಣ ವ್ಯತ್ಯಾಸಕ್ಕೆ ತೇವ ಸೇರುತ್ತದೆ, ಮುಚ್ಚಳದ ರಬ್ಬರ್ ಸವೆದಿದ್ದರೆ ಮಳೆಯ ನೀರೂ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳಕ್ಕೆ ಕೂರುತ್ತದೆ. ಅದಕ್ಕೇ ವಿಮಾನವನ್ನು ಅಲುಗಾಡಿಸುವ ಮೊದಲೇ, ಹ್ಯಾಂಗರಿನಿಂದ ತಳ್ಳುವುದಕ್ಕೂ ಮುಂಚೆಯೇ, ತಳದ ಡ್ರೈನ್‌ಗಳಿಂದ ಪಾರದರ್ಶಕ ಲೋಟಕ್ಕೆ ಸ್ವಲ್ಪ ಇಳಿಸಿ ಬೆಳಕಿಗೆ ಹಿಡಿದು ನೋಡಬೇಕು. ತಳದಲ್ಲಿ ಗುಳ್ಳೆಯಂತೆ ಓಡಾಡುವುದು ನೀರು. ಹೊಳೆಯುವ ಚೂರು ಅಲ್ಯೂಮಿನಿಯಂ, ಕಟ್ಟುವಾಗ ಡ್ರಿಲ್ ಮಾಡಿದ್ದು. ಕಪ್ಪು ಪುಡಿ ಕಂಡರೆ ರಬ್ಬರ್ ಹೋಸ್ ಒಳಗಿನಿಂದ ಉದುರುತ್ತಿದೆ ಎಂದರ್ಥ. ರೋಟ್ಯಾಕ್ಸ್ ತನ್ನ ರಬ್ಬರ್ ಭಾಗಗಳನ್ನು 5 ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಸುಮ್ಮನೆ ಅಲ್ಲ. ಎಂಜಿನ್ ಕಾರ್ಖಾನೆಯಲ್ಲಿ ತಯಾರಾಗಿ ಬಂದದ್ದು, ರೆಕ್ಕೆ ನಕ್ಷೆಯ ಪ್ರಕಾರ ಕಟ್ಟಿದ್ದು; ಇವೆರಡರ ನಡುವಿನ ಪೆಟ್ರೋಲ್ ಕೊಳವೆ, ತಿರುವು, ಕ್ಲಿಪ್ಪು ಬಹುತೇಕ ಕಟ್ಟಿದವರ ಸ್ವಂತ ಬುದ್ಧಿ. ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ನಾವು ಅತಿ ಹೆಚ್ಚು ಅನುಮಾನದಿಂದ ನೋಡುವ ಜಾಗ ಅದು.

ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಲೋಟದ ಪರೀಕ್ಷೆ ಪೂರ್ತಿ ನಂಬಿಕೆಗೆ ಬರುವುದಿಲ್ಲ. ಎಥನಾಲ್ ನೀರನ್ನು ಹೀರಿಕೊಂಡು ತನ್ನಲ್ಲೇ ಕರಗಿಸಿಟ್ಟುಕೊಳ್ಳುತ್ತದೆ, ಲೋಟ ಸ್ವಚ್ಛವಾಗಿ ಕಾಣುತ್ತದೆ. ಹಿಡಿಯುವಷ್ಟು ಹಿಡಿದ ಮೇಲೆ, ಅಥವಾ ಚಳಿ ಬಿದ್ದಾಗ, ನೀರು ಮತ್ತು ಎಥನಾಲ್ ಒಟ್ಟಿಗೆ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್ (ಸಿಲಿಂಡರಿನಲ್ಲಿ ತಾನಾಗಿ ಸಿಡಿಯದೆ ತಾಳುವ ಗುಣ) ಕೂಡ ಕುಸಿಯುತ್ತದೆ. ಶೇಕಡಾ 10ರವರೆಗಿನ ಎಥನಾಲ್ ಅನ್ನು 912 ಎಂಜಿನ್ ಸಹಿಸುತ್ತದೆ, ಆದರೆ ಟ್ಯಾಂಕಿನ ಸೀಲಂಟ್, ಫೈಬರ್‌ಗ್ಲಾಸ್, ಹಳೆಯ ಹೋಸ್ ಸಹಿಸುತ್ತವೆಯೇ ಅನ್ನುವುದು ಬೇರೆ ಪ್ರಶ್ನೆ. ಎಥನಾಲ್ ಇಲ್ಲದ್ದೇ ಬೇಕು ಅಂತ ದೋಣಿಗಳಿಗೆ ಮಾರುವ 90 ಆಕ್ಟೇನ್ ಪೆಟ್ರೋಲ್ ತಂದು ಸುರಿಯುವವರಿದ್ದಾರೆ. ಅಮೆರಿಕದ ಪಂಪಿನ ಲೆಕ್ಕದಲ್ಲಿ 80 ಅಶ್ವಶಕ್ತಿಯ 912 ಯುಎಲ್‌ಗೆ 87 ಸಾಕು, ಆದರೆ ಯುಎಲ್‌ಎಸ್‌ಗೆ ಕನಿಷ್ಠ 91 ಬೇಕು. ಒಂದೇ ಅಂಕದ ವ್ಯತ್ಯಾಸ ಅಂತ ಬಿಡುವಂಥದ್ದಲ್ಲ. ಪೂರ್ಣ ಶಕ್ತಿಯಲ್ಲಿ ಮೇಲೇರುವಾಗ ಪೆಟ್ರೋಲ್ ಹಾಗೆ ಸಿಡಿದು ನಾಕಿಂಗ್ ಆದರೆ ಪಿಸ್ಟನ್ ಹೋಗುತ್ತದೆ. ವಿಮಾನದ ನೀಲಿ 100 ಎಲ್‌ಎಲ್ ಪೆಟ್ರೋಲಿನಲ್ಲಿ ಆಕ್ಟೇನ್ ಧಾರಾಳವಿದೆ, ಆದರೆ ಸೀಸವಿದೆ. ಅದು ಎಣ್ಣೆ ಟ್ಯಾಂಕಿನ ತಳದಲ್ಲೂ ಗೇರ್‌ಬಾಕ್ಸಿನಲ್ಲೂ ಬೂದು ಕೆಸರಾಗಿ ಕೂರುತ್ತದೆ. ಹೆಚ್ಚಾಗಿ ಅದನ್ನೇ ಬಳಸುವವರು ಎಣ್ಣೆಯನ್ನು 25 ಗಂಟೆಗೊಮ್ಮೆ ಬದಲಿಸಬೇಕು.

ಕ್ಯಾನಿನಲ್ಲಿ ಪೆಟ್ರೋಲ್ ತರುವವರಿಗೆ ಒಂದು ಮಾತು: ಪ್ಲಾಸ್ಟಿಕ್ ಕ್ಯಾನನ್ನು ಪಿಕಪ್ ಗಾಡಿಯ ಪ್ಲಾಸ್ಟಿಕ್ ಹಾಸಿನ ಮೇಲಿಟ್ಟು ತುಂಬಿಸಬೇಡಿ, ನೆಲಕ್ಕಿಳಿಸಿ. ಸ್ಥಿರ ವಿದ್ಯುತ್ತಿನ ಕಿಡಿಗೆ ಬೆಂಕಿ ಹತ್ತುತ್ತದೆ.

ಹುಳ ಹುಪ್ಪಟೆಯ ವಿಚಾರ ಚಿಕ್ಕದಾಗಿ ಕಾಣುತ್ತದೆ, ಪರಿಣಾಮ ಚಿಕ್ಕದಲ್ಲ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ, ವೇಗ ಅಳೆಯಲು ಎದುರು ಗಾಳಿ ಹಿಡಿಯುವ ಪಿಟೋ ಕೊಳವೆಯ ರಂಧ್ರ ಹೇಳಿ ಮಾಡಿಸಿದ ಜಾಗ. ಪಿಟೋ ಮುಚ್ಚಿದರೆ ರನ್‌ವೇ ಮೇಲೆ ಓಡುವಾಗ ವೇಗದ ಮುಳ್ಳು ಏಳುವುದಿಲ್ಲ. ಆಗಲೇ ಥ್ರಾಟಲ್ ಎಳೆದು ನಿಲ್ಲಿಸಬೇಕು. ಟ್ಯಾಂಕಿಗೆ ಗಾಳಿ ಬಿಡುವ ವೆಂಟ್ ಮುಚ್ಚಿದರೆ ಇನ್ನೂ ಕಷ್ಟ. ಎಂಜಿನ್ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ, ನೆಲದ ಎಲ್ಲ ಪರೀಕ್ಷೆಯೂ ಪಾಸು. ಪೆಟ್ರೋಲ್ ಖಾಲಿಯಾದಷ್ಟೂ ಟ್ಯಾಂಕಿನೊಳಗೆ ನಿರ್ವಾತ ಬೆಳೆದು, ಮೇಲೆ ಹೋದ ಮೇಲೆ ಹರಿವು ನಿಲ್ಲುತ್ತದೆ. ಹಕ್ಕಿಗಳು ಎಂಜಿನ್ನಿನ ಹೊದಿಕೆಯಾದ ಕೌಲಿಂಗಿನೊಳಗೆ ಒಂದೇ ದಿನದಲ್ಲಿ ಹುಲ್ಲು ತುಂಬುತ್ತವೆ, ಬಿಸಿ ಎಕ್ಸಾಸ್ಟಿಗೆ ತಾಗಿದರೆ ಅದೇ ಬೆಂಕಿಗೆ ಕಡ್ಡಿ. ಇಲಿ ರೆಕ್ಕೆಯೊಳಗೆ ಸೇರಿದರೆ ಅದರ ಮೂತ್ರ ಅಲ್ಯೂಮಿನಿಯಂ ತಿನ್ನುತ್ತದೆ. ಟಾರ್ಚ್ ಹಿಡಿದು ರೆಕ್ಕೆಯ ಇನ್ಸ್‌ಪೆಕ್ಷನ್ ರಂಧ್ರದಲ್ಲಿ ಇಣುಕುವ ಅಭ್ಯಾಸ ಇರಲಿ.

ಬಟ್ಟೆ ಹೊದಿಸಿದ ವಿಮಾನಗಳಿಗೆ ಇದರ ಮೇಲೆ ಬಿಸಿಲಿನ ಭಯವೂ ಇದೆ. ಬೆಂಗಳೂರಿನ ರಾಜಹಂಸ ಕಂಪನಿಯ ಎಕ್ಸ್-ಏರ್ ಕಿಟ್‌ಗಳು ಬ್ರಿಟನ್ನಿಗೂ ಹೋಗಿ ಹಾರಿವೆ. ಕೊಳವೆಯ ಚೌಕಟ್ಟಿಗೆ ಡಾಕ್ರಾನ್ ಬಟ್ಟೆ ತೊಡಿಸಿದಂಥವು. ಬಯಲಲ್ಲಿ ನಿಲ್ಲಿಸಿದರೆ ನೇರಳಾತೀತ ಕಿರಣಕ್ಕೆ ಬಟ್ಟೆಯೂ ಹೊಲಿಗೆಯ ದಾರವೂ ಕಸುವು ಕಳೆದುಕೊಳ್ಳುತ್ತವೆ, ಹೊರನೋಟಕ್ಕೆ ಬಣ್ಣ ಮಾತ್ರ ಮಾಸಿರುತ್ತದೆ. ಬ್ರಿಟನ್ನಿನಲ್ಲಿ ಬೆಟ್ಸೋಮೀಟರ್ ಅನ್ನುವ ಸ್ಪ್ರಿಂಗ್ ತಕ್ಕಡಿಯಂಥ ಸಾಧನದ ಸೂಜಿಯನ್ನು ಬಟ್ಟೆಗೆ ಚುಚ್ಚಿ, ನಿಗದಿತ ಭಾರದವರೆಗೆ ಎಳೆದು ನೋಡುತ್ತಾರೆ. ಹರಿದರೆ ಆ ಬಟ್ಟೆ ಬದಲಿಸಲೇಬೇಕು.

ಬ್ಯಾಟರಿಯ ವಿಷಯದಲ್ಲಿ ರೋಟ್ಯಾಕ್ಸ್ ಕಾರಿನಂತಲ್ಲ. ಕ್ರ್ಯಾಂಕ್ ನಿಮಿಷಕ್ಕೆ ಸುಮಾರು 220 ಸುತ್ತು ಮುಟ್ಟದೆ ಇಗ್ನಿಷನ್ ಕಿಡಿಯೇ ಕೊಡುವುದಿಲ್ಲ. ಇಳಿದ ಬ್ಯಾಟರಿ ಅಂಚಿನಲ್ಲಿ ತಿರುಗಿಸಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಆ ಒದೆತ ತಿನ್ನುವುದು ಸ್ಟಾರ್ಟರಿನ ಸ್ಪ್ರ್ಯಾಗ್ ಕ್ಲಚ್ಚನ್ನು, ಅಂದರೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ಚನ್ನು. ಅದನ್ನು ಬದಲಿಸಲು ಎಂಜಿನ್ನಿನ ಹಿಂಭಾಗ ಬಿಚ್ಚಬೇಕು. ಬ್ಯಾಟರಿಗೆ ಹೊಂದುವ ಮೇಂಟೇನರ್ (ಇಳಿಯದಂತೆ ಕಾಯುವ ಚಿಕ್ಕ ಚಾರ್ಜರ್) ಒಂದನ್ನು ವಾರವಿಡೀ ಹಾಕಿಟ್ಟರೆ ಈ ಖರ್ಚೇ ಇಲ್ಲ. ಸ್ಟಾರ್ಟರ್ ಒತ್ತುವುದು 10 ಸೆಕೆಂಡ್ ಮಾತ್ರ, ಆಮೇಲೆ 2 ನಿಮಿಷ ತಣಿಯಲು ಬಿಡಬೇಕು. ಚೋಕ್ ಎಳೆದಾಗ ಥ್ರಾಟಲ್ ಪೂರ್ತಿ ಮುಚ್ಚಿರಬೇಕು, ತೆರೆದಿದ್ದರೆ ಚೋಕ್ ಕೆಲಸ ಮಾಡುವುದಿಲ್ಲ. ತಣ್ಣನೆ ಬೆಳಿಗ್ಗೆ 'ಸ್ಟಾರ್ಟ್ ಆಗ್ತಿಲ್ಲ' ಅನ್ನುವ ದೂರುಗಳಲ್ಲಿ ಹಲವು ಇಲ್ಲೇ ಮುಗಿಯುತ್ತವೆ.

ಸ್ಟಾರ್ಟ್ ಆದ ಮೇಲೆ ನಿಮಿಷಕ್ಕೆ 2000 ಸುತ್ತಿನಲ್ಲಿ ಎರಡು ನಿಮಿಷ, ಆಮೇಲೆ 2500ರಲ್ಲಿ ಎಣ್ಣೆ 50 ಡಿಗ್ರಿ ಆಗುವವರೆಗೆ. ಇಗ್ನಿಷನ್ ಪರೀಕ್ಷೆ 4000ದಲ್ಲಿ: ಎರಡು ಇಗ್ನಿಷನ್‌ಗಳನ್ನು ಒಂದೊಂದೇ ಆಫ್ ಮಾಡಿದಾಗ ಸುತ್ತಿನ ಇಳಿತ 300 ಮೀರಬಾರದು, ಎರಡರ ನಡುವಿನ ವ್ಯತ್ಯಾಸ 115 ಮೀರಬಾರದು. ಕಡಿಮೆ ವೇಗದಲ್ಲಿ ಎಂಜಿನ್ ಗಡಗಡ ನಡುಗಿದರೆ ಎರಡು ಬಿಂಗ್ ಕಾರ್ಬುರೇಟರುಗಳ ಹೊಂದಾಣಿಕೆ ತಪ್ಪಿದೆ. ಆ ನಡುಕ ತಿನ್ನುವುದು ಗೇರ್‌ಬಾಕ್ಸನ್ನು, ಆದ್ದರಿಂದ 1400ಕ್ಕಿಂತ ಕೆಳಗೆ ಐಡಲ್ ಇಡಬಾರದು. ನಡುಕದ ಜೊತೆ ಪೆಟ್ರೋಲ್ ವಾಸನೆಯೂ ಇದ್ದರೆ ಕಾರ್ಬುರೇಟರಿನ ಬಟ್ಟಲಲ್ಲಿ ತೇಲುವ ಫ್ಲೋಟ್ ನೋಡಿ. ಪೆಟ್ರೋಲ್ ಹೀರಿ ಭಾರವಾದ ಫ್ಲೋಟ್ ಮುಳುಗಿ ಬಟ್ಟಲು ಉಕ್ಕಿಸುತ್ತದೆ. ಒಂದು ಕಾರ್ಬುರೇಟರಿನ ಎರಡು ಫ್ಲೋಟ್ ಸೇರಿ 7 ಗ್ರಾಂ ಮೀರಿದರೆ ಎಸೆದು ಹೊಸದು ಹಾಕಬೇಕು. ಚಿನ್ನ ತೂಗುವಂಥ ಚಿಕ್ಕ ತಕ್ಕಡಿ ಹ್ಯಾಂಗರಿನಲ್ಲಿರಲಿ. ಥ್ರಾಟಲ್ ಕೇಬಲ್ಲಿನ ತುದಿಯಲ್ಲಿ ಎಳೆ ಬಿಚ್ಚಿದೆಯೇ ಎಂದೂ ನೋಡಿ: ಈ ಕಾರ್ಬುರೇಟರಿನ ಸ್ಪ್ರಿಂಗ್ ಥ್ರಾಟಲನ್ನು ತೆರೆಯುವ ಕಡೆಗೆ ಎಳೆಯುತ್ತದೆ, ಕೇಬಲ್ ಕಡಿದರೆ ಆ ಬದಿಯ ಕಾರ್ಬುರೇಟರ್ ಪೂರ್ತಿ ತೆರೆದುಕೊಳ್ಳುತ್ತದೆ.

ಪಕ್ಕದೂರಿನ ಏರ್‌ಫೀಲ್ಡಿಗೆ ಹೋಗಿ ತಿಂಡಿ ತಿಂದು ಅರ್ಧ ಗಂಟೆಯಲ್ಲಿ ಹೊರಡುವುದು ವಾರಾಂತ್ಯದ ಹಾರಾಟದ ಸೊಗಸು. ಪೆಟ್ರೋಲ್ ಆವಿ ಕೊಳವೆಯಲ್ಲಿ ಸಿಕ್ಕಿ ಹರಿವು ತಡೆಯುವ ವೇಪರ್ ಲಾಕ್ ಕಾಯುವುದೂ ಅಲ್ಲೇ. ಎಂಜಿನ್ ನಿಂತ ಕೂಡಲೇ ಕೌಲಿಂಗಿನೊಳಗೆ ಗಾಳಿಯಾಡದೆ ಬಿಸಿ ಏರಿ ಹೋಸಿನಲ್ಲಿನ ಪೆಟ್ರೋಲ್ ಕುದಿಯುತ್ತದೆ. ಚಳಿಗಾಲದಲ್ಲಿ ಮಾರುವ ಪೆಟ್ರೋಲ್ ಬೇಗ ಆವಿಯಾಗುವ ಹಾಗೆ ಮಾಡಿದ್ದು. ಅದು ಟ್ಯಾಂಕಿನಲ್ಲೇ ಉಳಿದು, ಬೇಸಿಗೆಯ ಮೊದಲ ಬಿಸಿ ಶನಿವಾರ ಬಂತೆಂದರೆ ತೊಂದರೆ ಖಚಿತ. ಇಳಿದ ಕೂಡಲೇ ಎಣ್ಣೆ ನೋಡುವ ಚಿಕ್ಕ ಬಾಗಿಲು ತೆರೆದಿಡಿ, ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ. ಹೊರಡುವಾಗ ವಿದ್ಯುತ್ ಪಂಪ್ ಆನ್ ಮಾಡಿ ಒತ್ತಡದ ಗೇಜು 0.15ರಿಂದ 0.4 ಬಾರ್ ನಡುವೆ ಸ್ಥಿರವಾಗಿದೆಯೇ ನೋಡಿ. ಮುಳ್ಳು ಕುಣಿಯುತ್ತಿದ್ದರೆ ಓಟ ಶುರು ಮಾಡಬೇಡಿ. ಕಟ್ಟುವಾಗಲೇ ಟ್ಯಾಂಕಿಗೆ ವಾಪಸ್ ಹೋಗುವ ಸಣ್ಣ ಕೊಳವೆ ಇಟ್ಟಿದ್ದರೆ ಆವಿ ತಾನಾಗಿ ಹೊರಹೋಗುತ್ತದೆ. ಅದನ್ನು ಬಿಟ್ಟು ಕಟ್ಟಬಾರದು ಅನ್ನುವುದು ನಮ್ಮ ಖಂಡಿತ ಅಭಿಪ್ರಾಯ.

ವಿಮಾನದ ಜೊತೆ ಪೈಲಟ್ ಕೂಡ ವಾರವಿಡೀ ಹಾರದೆ ಇದ್ದವರೇ. ಅಮೆರಿಕದ ನಿಯಮದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳಲು ಹಿಂದಿನ 90 ದಿನಗಳಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್ ಸಾಕು. ಅದು ಕಾನೂನಿನ ಕನಿಷ್ಠ, ಕೈ ಪಳಗಲು ಸಾಲದು. 2012ರಲ್ಲಿ ಅಲ್ಲಿನ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ, ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತಗಳನ್ನು ಅಧ್ಯಯನ ಮಾಡಿದಾಗ ಎಂಜಿನ್ ತೊಂದರೆ, ಹಾರಾಟದಲ್ಲಿ ಹತೋಟಿ ತಪ್ಪುವುದು ಇವೆರಡೇ ಮುಂದೆ ನಿಂತವು. ಸಿಎಚ್ 750ರಂಥ ವಿಮಾನದಲ್ಲಿ ಎರಡೂ ಒಂದೇ ಕ್ಷಣದಲ್ಲಿ ಸೇರಬಹುದು. ರೆಕ್ಕೆಯ ಮುಂಅಂಚಿನ ಸ್ಲ್ಯಾಟ್ ಎಂಬ ಪಟ್ಟಿಯಿಂದಾಗಿ ಅದು ಮೂತಿ ಎತ್ತಿ ನಿಧಾನ ವೇಗದಲ್ಲೇ ಕಡಿದಾಗಿ ಏರುತ್ತದೆ, ನೋಡಲು ಚೆಂದ. ಆದರೆ 100 ಅಡಿಯಲ್ಲಿ ಆ ಭಂಗಿಯಲ್ಲಿ ಎಂಜಿನ್ ನಿಂತರೆ ಮೂತಿ ಇಳಿಸಿ ವೇಗ ಪಡೆಯಲು ಎತ್ತರವಿರುವುದಿಲ್ಲ. ಚಿಕ್ಕ ರನ್‌ವೇ ಅಲ್ಲದಿದ್ದರೆ ನೆಲ ಬಿಟ್ಟ ಮೇಲೆ ವೇಗ ಕೂಡಿಸಿಕೊಂಡು ಸಾಧಾರಣ ಕೋನದಲ್ಲೇ ಏರಿ.

ಬೆಳಿಗ್ಗೆಯೇ ಹೊರಡಿ ಅನ್ನುವುದಕ್ಕೆ ಲೆಕ್ಕವಿದೆ. ಗಾಳಿ ಬಿಸಿಯಾದಷ್ಟೂ ತೆಳುವಾಗಿ, ವಿಮಾನ ಇನ್ನೂ ಎತ್ತರದಲ್ಲಿದ್ದಂತೆ ವರ್ತಿಸುತ್ತದೆ. ಲೆಕ್ಕದ ಪ್ರಕಾರ ಒಂದು ಎತ್ತರದಲ್ಲಿ ಇರಬೇಕಾದ ಉಷ್ಣಕ್ಕಿಂತ ಹೆಚ್ಚಿರುವ ಪ್ರತಿ ಡಿಗ್ರಿಗೆ ಆ ಎತ್ತರಕ್ಕೆ ಸುಮಾರು 120 ಅಡಿ ಸೇರಿಸಬೇಕು. ಬೆಂಗಳೂರಿನ ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ, ಅಲ್ಲಿ ಇರಬೇಕಾದ್ದು 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 33 ಇದ್ದರೆ ರೆಕ್ಕೆಗೂ ಎಂಜಿನ್ನಿಗೂ ಅದು ಸುಮಾರು 5,900 ಅಡಿ. ಇಬ್ಬರು ಕೂತು, ಟ್ಯಾಂಕ್ ತುಂಬಿಸಿ ಹೊರಟರೆ ಏರುವ ವೇಗದಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತದೆ.

ವಾಪಸ್ ಬಂದ ಮೇಲೆ ಒಂದೆರಡು ನಿಮಿಷ ಕಡಿಮೆ ವೇಗದಲ್ಲಿ ತಣಿಸಿ ಎಂಜಿನ್ ನಿಲ್ಲಿಸಿ. ಹತ್ತಿದ ಹುಳಗಳನ್ನು ಒಣಗುವ ಮೊದಲೇ ಒರೆಸಿ. ಪಿಟೋಗೆ, ವೆಂಟಿಗೆ, ಕೌಲಿಂಗಿನ ಬಾಯಿಗೆ ಕೆಂಪು ಪಟ್ಟಿ ಇಳಿಬಿಟ್ಟ ಮುಚ್ಚಳ ಹಾಕಿ, ಬ್ಯಾಟರಿಗೆ ಮೇಂಟೇನರ್ ಸಿಕ್ಕಿಸಿ. ಎಣ್ಣೆ ಮುಟ್ಟಿದ ಗರಿಷ್ಠ ಉಷ್ಣ, ಇಗ್ನಿಷನ್ ಇಳಿತ, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್, ಅದನ್ನು ಕೊಂಡ ತಾರೀಖು, ಈ ನಾಲ್ಕನ್ನು ಪುಸ್ತಕದಲ್ಲಿ ಬರೆದಿಡಿ. ಇಗ್ನಿಷನ್ ಇಳಿತ ಒಂದೊಂದು ವಾರಕ್ಕೆ 20, 30ರಂತೆ ಹೆಚ್ಚುತ್ತ ಬಂದರೆ ಮಿತಿ ಮೀರುವ ಮೊದಲೇ ಪ್ಲಗ್ ಬಿಚ್ಚಿ ನೋಡಬಹುದು.