ಪರದೆ ಕಾಣದೆ ವಿಂಡೋ ಬದಲಿಸುವುದು ಹೇಗೆ?

ನಾನು ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್ ಬಳಸುವವನೆಂದು ತಿಳಿದವರು ತಪ್ಪದೆ ಕೇಳುವ ಪ್ರಶ್ನೆಯಿದು: ‘ಐದಾರು ವಿಂಡೋಗಳು ಒಟ್ಟಿಗೆ ತೆರೆದಿರುವಾಗ ಬೇಕಾದುದಕ್ಕೆ ಹೇಗೆ ಹೋಗುತ್ತೀರಿ?’ ಹೋಗುವುದೇನೋ ಸುಲಭ. ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು ಟ್ಯಾಬ್ ಒತ್ತುತ್ತಾ ಹೋದರೆ ಸ್ಕ್ರೀನ್ ರೀಡರ್ ಒಂದೊಂದೇ ವಿಂಡೋದ ಶೀರ್ಷಿಕೆಯನ್ನು ಓದುತ್ತದೆ. ಬೇಕಾದ ಹೆಸರು ಕಿವಿಗೆ ಬಿದ್ದೊಡನೆ ಆಲ್ಟ್ ಬಿಡುತ್ತೇನೆ. ಶಿಫ್ಟ್ ಸೇರಿಸಿದರೆ ಹಿಂದಕ್ಕೆ. ಕಷ್ಟವಿರುವುದು ನಾನೀಗ ಎಲ್ಲಿದ್ದೇನೆ ಎಂಬುದನ್ನು ನೆನಪಿಟ್ಟುಕೊಳ್ಳುವುದರಲ್ಲಿ.

ಹೊಸಬರು ಸಾಮಾನ್ಯವಾಗಿ ‘ಮೇಲ್ ಮೂರನೆಯದು, ಬ್ರೌಸರ್ ನಾಲ್ಕನೆಯದು’ ಎಂದು ಎಣಿಸಿಟ್ಟುಕೊಂಡು ಮೋಸಹೋಗುತ್ತಾರೆ. ವಿಂಡೋಸ್‌ನಲ್ಲಿ ಈ ಸರದಿ ಸ್ಥಿರವಲ್ಲ. ಕೊನೆಯದಾಗಿ ಬಳಸಿದ್ದು ಮುಂದಕ್ಕೆ ಬರುತ್ತದೆ, ಬಹಳ ಹೊತ್ತು ಮುಟ್ಟದಿದ್ದುದು ಹಿಂದೆ ಸರಿಯುತ್ತದೆ. ಆದ್ದರಿಂದ ಎರಡು ಕಡತಗಳನ್ನು ಹೋಲಿಸುವಾಗ ಒಂದೇ ಸಲ ಆಲ್ಟ್ ಟ್ಯಾಬ್ ಒತ್ತಿದರೆ ಸಾಕು, ಅವೆರಡರ ನಡುವೆಯೇ ಓಡಾಡಬಹುದು. ಸ್ಥಿರವಾದ ಜಾಗ ಬೇಕೆಂದರೆ ಟಾಸ್ಕ್‌ಬಾರ್ ಇದೆ: ಅಲ್ಲಿ ಪಿನ್ ಮಾಡಿಟ್ಟ ಮೊದಲ ಪ್ರೋಗ್ರಾಮಿಗೆ ವಿಂಡೋಸ್ ಕೀಲಿಯೊಂದಿಗೆ 1, ಎರಡನೆಯದಕ್ಕೆ 2. ದಿನವಿಡೀ ಬೇಕಾಗುವ ನಾಲ್ಕನ್ನು ನಾನು ಹೀಗೆ ಕಟ್ಟಿಹಾಕಿದ್ದೇನೆ, ಬೆರಳುಗಳು ಯೋಚಿಸದೆಯೇ ಅಲ್ಲಿಗೆ ಹೋಗುತ್ತವೆ. ಜಾಸ್ ಎಂಬ ಸ್ಕ್ರೀನ್ ರೀಡರ್ ಬಳಸುವವರಿಗೆ ಇನ್ಸರ್ಟ್ ಮತ್ತು ಎಫ್10 ಒತ್ತಿದರೆ ತೆರೆದ ವಿಂಡೋಗಳ ಪಟ್ಟಿಯೇ ಸಿಗುತ್ತದೆ. ಬ್ರೌಸರಿನ ಒಳಗಿನ ಟ್ಯಾಬುಗಳದ್ದು ಬೇರೆಯೇ ಲೋಕ. ಅಲ್ಲಿ ಕಂಟ್ರೋಲ್ ಟ್ಯಾಬ್.

ಇಷ್ಟಾದರೂ ಎಡವುತ್ತೇನೆ. ಕೆಲಸದ ನಡುವೆ ಯಾವುದೋ ಅಪ್‌ಡೇಟ್ ಸಂದೇಶ ತಾನಾಗಿ ಮೇಲೆದ್ದು ಫೋಕಸ್ ಕಸಿದುಕೊಂಡರೆ, ಅಂದರೆ ನಾನು ಒತ್ತುವ ಕೀಲಿಗಳೆಲ್ಲ ಅದಕ್ಕೇ ಹೋಗುವಂತಾದರೆ, ಕಣ್ಣುಳ್ಳವರು ಅದನ್ನು ನೋಡಿ ಕೈ ತಡೆಯುತ್ತಾರೆ. ನನಗೆ ಅದರ ಮೊದಲ ಮಾತು ಕೇಳುವಷ್ಟರಲ್ಲಿ ಬೆರಳು ಎಂಟರ್ ಒತ್ತಿ ಆಗಿರುತ್ತದೆ. ಒಮ್ಮೆ ಟಿಪ್ಪಣಿಯಲ್ಲಿ ಬರೆದುಕೊಳ್ಳುತ್ತಿದ್ದೇನೆಂದು ನಂಬಿ ಅರ್ಧ ಪ್ಯಾರಾವನ್ನು ಚಾಟ್ ವಿಂಡೋದಲ್ಲಿ ಬರೆದು ಕಳುಹಿಸಿದ್ದೆ. ಓದಿದವರು ಸಭ್ಯರು, ಏನೂ ಹೇಳಲಿಲ್ಲ. ಅಂದಿನಿಂದ ಬರೆಯುವ ಮುನ್ನ ಇನ್ಸರ್ಟ್ ಮತ್ತು ಟಿ ಒತ್ತುವ ಅಭ್ಯಾಸವಾಗಿದೆ. ಜಾಸ್ ಆಗಲಿ, ಇನ್ನೊಂದು ಸ್ಕ್ರೀನ್ ರೀಡರ್ ಆದ ಎನ್‌ವಿಡಿಎ ಆಗಲಿ, ಆಗ ಮುಂದಿರುವ ವಿಂಡೋದ ಶೀರ್ಷಿಕೆಯನ್ನು ಓದಿ ಹೇಳುತ್ತದೆ.

ಹಾಗಾಗಿ ಎಲ್ಲವೂ ಕೊನೆಗೆ ಶೀರ್ಷಿಕೆಯ ಮೇಲೆ ನಿಂತಿದೆ. ಕಣ್ಣಿಗೆ ಚಿಕ್ಕ ಚಿತ್ರವೊಂದು ಕಂಡರೆ ಸಾಕು, ಕಿವಿಗೆ ಮಾತ್ರ ಪದಗಳು ಒಂದರ ಹಿಂದೊಂದು ಬರಬೇಕು. ಪ್ರತಿ ಪುಟದ ಶೀರ್ಷಿಕೆಯನ್ನೂ ಸಂಸ್ಥೆಯ ಉದ್ದನೆಯ ಹೆಸರಿನಿಂದ ಆರಂಭಿಸುವ ಜಾಲತಾಣಗಳಲ್ಲಿ, ಮೂರು ವಿಂಡೋ ತೆರೆದಿದ್ದರೆ ಅದೇ ಹೆಸರನ್ನು ಮೂರು ಬಾರಿ ಕೇಳಿದ ನಂತರವೇ ವ್ಯತ್ಯಾಸ ತಿಳಿಯುವುದು. ನನ್ನ ಕಡತಗಳನ್ನಾದರೂ ನಾನು ‘ವರದಿ ಮಾರ್ಚ್’, ‘ವರದಿ ಏಪ್ರಿಲ್’ ಎಂದಿಡದೆ ‘ಮಾರ್ಚ್ ವರದಿ’, ‘ಏಪ್ರಿಲ್ ವರದಿ’ ಎಂದೇ ಇಡುತ್ತೇನೆ: ಮೊದಲ ಪದ ಮುಗಿಯುವ ಮುನ್ನವೇ ಮುಂದಿನ ಟ್ಯಾಬ್ ಒತ್ತಬೇಕೋ ಬೇಡವೋ ಗೊತ್ತಾಗಿಬಿಡುತ್ತದೆ.